ಕೈಯಲ್ಲೇ ಕಲಸು ಅಂದಿದ್ದೆ

ಆ ಗುರುವಾರವೂ ಎಂದಿನಂತೆ ಹಾಲು ಕಾಯಿಸಿ, ಇಡ್ಲಿ ತಟ್ಟೆಗೆ ಎಣ್ಣೆ ಸವರಿ, ಕೋಗಿಲು ಕಡೆಗೆ ಹೋಗುವ ಶಾಲಾ ವ್ಯಾನಿನ ಹಾರ್ನ್ ಕೇಳಿದ ಮೇಲೆ ಮಗಳನ್ನು ಎಬ್ಬಿಸಿದೆ. ನಿಂತುಕೊಂಡೇ ಎರಡು ಇಡ್ಲಿ ತಿಂದು, ಸ್ಕೂಟರ್ ಹತ್ತಿ ಹೆಬ್ಬಾಳದ ಲ್ಯಾಬಿಗೆ ಹೊರಟಳು.

ಅಲ್ಲಿ ಅವಳು ಕರುಳಿನ ಕಾಂಡಕೋಶಗಳನ್ನು ಬೆಳೆಸುತ್ತಾಳೆ. ಕರುಳಿನ ಒಳಪದರ ಸವೆದಂತೆ ಅದನ್ನು ಹೊಸದು ಮಾಡುವ ಕೋಶಗಳವು. ಆಗ ಅವಳ ಕೈಯಲ್ಲಿದ್ದವು ಇಪ್ಪತ್ತಾರು ವರ್ಷದ ಒಬ್ಬ ರೋಗಿಯವು. ಆ ಹುಡುಗಿಯ ಕರುಳಿನ ಹುಣ್ಣು ಯಾವ ಔಷಧಿಗೂ ಬಗ್ಗಿರಲಿಲ್ಲ. ಅವಳ ಕರುಳಿಂದ ಚಿವುಟಿ ತೆಗೆದ ಚೂರಿನ ಕೋಶಗಳು ಎರಡು ಪ್ಲಾಸ್ಟಿಕ್ ಪ್ಲೇಟುಗಳಲ್ಲಿ ಜೆಲ್ಲಿನ ಹನಿಗಳೊಳಗೆ ಬೆಳೆದು, ಬೆಂದ ಸಬ್ಬಕ್ಕಿಯಂತೆ ಗುಂಡಗಾಗಿದ್ದವು. ಯಾವ ಔಷಧಿ ಹಿಡಿಯುತ್ತದೆಂದು ಅವುಗಳ ಮೇಲೆ ಹಾಕಿ ನೋಡಬೇಕಿತ್ತು. ಮತ್ತೆ ಚೂರು ತೆಗೆಯುವಷ್ಟು ಶಕ್ತಿ ಆ ಕರುಳಿಗಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

ಹನ್ನೊಂದಕ್ಕೆ ಫೋನ್ ಬಂತು.

"ಅಮ್ಮ, ಪ್ಲೇಟ್ ಮಂಕಾಗ್ಬಿಟ್ಟಿದೆ. ಒಳಗೆಲ್ಲಾ ಯೀಸ್ಟು. ಎಲ್ಲಿಂದ ಬಂತೋ, ಗ್ಲವ್ಸ್ ಹಾಕ್ಕೊಂಡೇ ಮಾಡಿದ್ದೆ."

"ಇನ್ನೊಂದು ಪ್ಲೇಟ್ ಇದೆಯಲ್ವೇನೇ?"

"ಅದಕ್ಕೂ ಮೊನ್ನೆ ನಾನೇ ಕೋಶಗಳ ಪೋಷಣೆ ನೀರು ಬದಲಾಯ್ಸಿದ್ದು. ಸದ್ಯಕ್ಕೆ ತಿಳಿಯಾಗಿದೆ. ನಾಲ್ಕು ಗಂಟೆಗೆ ಗೊತ್ತಾಗುತ್ತೆ. ಅದೂ ಹೋದ್ರೆ ಮುಗೀತು."

ಹಿಟ್ಟು ಉಬ್ಬಿಸುವುದೂ ಯೀಸ್ಟೇ ಅಲ್ಲವೇ. ಮೊನ್ನೆ ಬೆಳಿಗ್ಗೆ ನನ್ನ ಬೆರಳು ಸುಟ್ಟಿತ್ತು. ಉಬ್ಬಿದ ದೋಸೆ ಹಿಟ್ಟಿಗೆ ಉಪ್ಪು ಹಾಕಿ ಕಲಸು ಎಂದು ಅವಳಿಗೆ ಹೇಳಿದ್ದೆ. ಸೌಟು ತೆಗೆದುಕೊಂಡಳು. "ಸೌಟು ಬೇಡ ಕಣೇ, ಕೈಯಲ್ಲೇ ಕಲಸು, ಆಗಲೇ ಹಿಟ್ಟು ಹದಕ್ಕೆ ಬರೋದು" ಎಂದೆ. "ಇವತ್ತು ಪ್ಲೇಟ್ ಮುಟ್ಟೋದಿದೆ ಅಮ್ಮ." "ತೊಳ್ಕೊಂಡ್ರಾಯ್ತಪ್ಪ, ನಿಮ್ಮಜ್ಜಿ ಕೇಳಿದ್ರೆ ನಗ್ತಾರೆ." ಅವಳು ನಕ್ಕು ಮೊಣಕೈತನಕ ಹಿಟ್ಟು ಮಾಡಿಕೊಂಡಿದ್ದಳು. ಬಳೆಯ ಸಂದಿಯಲ್ಲಿ ಒಣಗಿದ ಒಂದು ಬಿಳಿ ಗೆರೆಯನ್ನು ಅವಳು ಹೊರಡುವಾಗ ನೋಡಿಯೂ, ತಡವಾಗುತ್ತದೆಂದು ಸುಮ್ಮನಿದ್ದೆ.

ಕೇಳುವ ಮೊದಲೇ ತಪ್ಪು ಒಪ್ಪಿಕೊಳ್ಳಬೇಕೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಮೂರು ಸಲ ಮೆಸೇಜ್ ಬರೆದು ಅಳಿಸಿದೆ. ಮುಖ ಕಾಣದ ಆ ಹುಡುಗಿ ಎಲ್ಲೋ ಹಾಸಿಗೆ ಮೇಲೆ ಹೊಟ್ಟೆ ಹಿಡಿದುಕೊಂಡು ಕಾಯುತ್ತಿರುವಂತೆ ಅನಿಸಿ ಊಟದ ತಟ್ಟೆ ಮುಚ್ಚಿಟ್ಟೆ. ಎರಡೂವರೆಗೆ ಫೋನ್ ಮಾಡಿ, ಹಿಟ್ಟಿನ ವಿಷಯ ಹೇಳಿಯೇಬಿಟ್ಟೆ.

"ನಂಗೂ ನೆನಪಾಯ್ತಮ್ಮ. ಕೈ ನಂದು ತಾನೆ? ಲ್ಯಾಬ್ ಮೇಡಮ್‌ಗೆ ಇನ್ನೂ ಹೇಳಿಲ್ಲ" ಎಂದು ಫೋನ್ ಇಟ್ಟುಬಿಟ್ಟಳು.

ನಾಲ್ಕಾಯಿತು, ಐದಾಯಿತು. ಫೋನ್ ಬರಲಿಲ್ಲ. ಮಾಡಲು ನನಗೂ ಧೈರ್ಯ ಬರಲಿಲ್ಲ. ಆರೂಕಾಲಿಗೆ ಕಾಲಿಂಗ್ ಬೆಲ್ ಆಯಿತು. ಓಡಿಹೋಗಿ ಬಾಗಿಲು ತೆಗೆದರೆ, ಪಕ್ಕದ ಮನೆಯಾಕೆ ಕೊತ್ತಂಬರಿ ಕಟ್ಟು ಹಿಡಿದು ನಿಂತಿದ್ದರು.

"ಒಂದು ಕಟ್ಟು ಜಾಸ್ತಿ ತಂದೆ, ತಗೊಳ್ರೀ. ಅಂದಹಾಗೆ, ನಿಮ್ಮ ಮಗಳೇನ್ರೀ ಕೆಳಗೆ ಸ್ಕೂಟರ್ ಮೇಲೇ ಕೂತಿದಾಳೆ? ನಾನು ತರಕಾರಿಗೆ ಹೋಗೋವಾಗ್ಲೂ ಅಲ್ಲೇ ಇದ್ಲು, ಬರೋವಾಗ್ಲೂ ಅಲ್ಲೇ. ಏನಾಯ್ತಮ್ಮ ಅಂದ್ರೆ, ‘ಅದೂ ಹೋಯ್ತು’ ಅಂತಷ್ಟೇ ಅಂದ್ಲು. ಹೆಲ್ಮೆಟ್ಟೂ ತೆಗ್ದಿಲ್ಲ ಕಣ್ರೀ."