ಅಪ್ಪನ ಪಾಲಿನ ರಜೆ

ರಾಗಿ ಸರಿಯನ್ನು ಗಂಟು ಕಟ್ಟದಂತೆ ಕಾಯಿಸಲು ಬೇಕಾದ ಸಹನೆ ನನ್ನ ಗಂಡ ಪ್ರಸನ್ನನಲ್ಲಿದೆಯೆಂದು ನನಗೆ ತಿಳಿದದ್ದು ಅವನು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿ ಉಳಿದ ಮೇಲೆ. ನಮ್ಮ ಮನೆ ಸಿಡ್ನಿಯ ಕ್ವೇಕರ್ಸ್ ಹಿಲ್ ಬಡಾವಣೆಯಲ್ಲಿ. ಮಗಳು ಈರಾ ಹುಟ್ಟಿದಾಗ ಸರ್ಕಾರ ಹಣ ಕೊಡುವ ರಜೆಯ ದೊಡ್ಡ ಭಾಗವನ್ನು ನಾನೇ ತೆಗೆದುಕೊಂಡಿದ್ದೆ. ಆದರೆ ಅದರಲ್ಲೊಂದು ಪಾಲು ಅಪ್ಪನಿಗೇ ಮೀಸಲು. ಅವನು ಬೇಡವೆಂದರೆ ಅದು ಅಮ್ಮನಿಗೂ ದಕ್ಕುವುದಿಲ್ಲ. ಪ್ರಸನ್ನ ಅದಕ್ಕೆ ತನ್ನ ವರ್ಷದ ರಜೆಯನ್ನೂ ಜೋಡಿಸಿಕೊಂಡ. ನಾನು ಆಫೀಸಿಗೆ ಮರಳಿದೆ.

ಆಗ ಹುಬ್ಬಳ್ಳಿಯಿಂದ ಅತ್ತೆ ಬಂದಿದ್ದರು. ಸೊಸೆ ಬೆಳಿಗ್ಗೆ ರೈಲು ಹಿಡಿಯುವುದು, ಮಗ ಮನೆಯಲ್ಲಿ ಕೂಸಿನ ಬಟ್ಟೆ ಒಗೆಯುವುದು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ತಾವಿರುವಾಗ ಗಂಡಸು ರಜೆ ಹಾಕುವುದೇಕೆಂದು ಕೇಳಿದರು. ನೀನು ವೀಸಾ ಮುಗಿದರೆ ಹೊರಡುವವಳು, ನಾನು ಈ ಕೂಸಿನ ಜೊತೆ ಬಾಳಬೇಕಾದವನು ಎಂದು ಪ್ರಸನ್ನ ಮೆಲ್ಲಗೆ ಹೇಳಿದ.

ಮೊದಮೊದಲು ಈರಾ ಬಾಟಲಿಯ ಹಾಲನ್ನು ಮುಟ್ಟಲೇ ಇಲ್ಲ. ಲಂಚ್ ಹೊತ್ತಿಗೆ ಫೋನ್ ಮಾಡಿದರೆ ಅವಳ ಅಳುವೇ ಕೇಳುತ್ತಿತ್ತು. ಸಂಕಟವಾಗುತ್ತಿತ್ತು, ನಿಜ, ಆದರೆ ನಾನಿಲ್ಲದೆ ನಡೆಯುವುದಿಲ್ಲವಲ್ಲ ಎಂಬ ಹಿತವೂ ಆ ಸಂಕಟದೊಳಗೇ ಇತ್ತು. ತಾಯಂದಿರಾದ ಗೆಳತಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರಬರುತ್ತ ಅಳು ನಿಂತಿತು. ಫೋನಿನಲ್ಲಿ ಅವರಿಬ್ಬರ ನಗು ಕೇಳತೊಡಗಿತು.

ಒಂದು ಸಂಜೆ ನಾನು ಒಳಗೆ ಕಾಲಿಡುವಾಗಲೇ ಸೋಫಾ ಹಿಡಿದು ನಿಂತಿದ್ದ ಈರಾ ಜಾರಿ ಬಿದ್ದಳು. ತುಟಿ ಒಡೆದು ರಕ್ತ ಬಂತು. ಹತ್ತಿರವಿದ್ದ ನಾನು ಬಾಚಿ ಎತ್ತಿಕೊಂಡೆ. ಅವಳು ನನ್ನ ತೋಳಿನಲ್ಲಿ ಕೊಸರಾಡಿ, ಎರಡೂ ಕೈಗಳನ್ನು ಪ್ರಸನ್ನನತ್ತ ಚಾಚಿದಳು. ಅವನ ಹೆಗಲಿಗೆ ಹೋದದ್ದೇ ಬಿಕ್ಕು ಇಳಿಯಿತು. ನಾನು ಒಣಹಾಕಿದ್ದ ಬಟ್ಟೆ ತೆಗೆಯುವ ನೆಪದಲ್ಲಿ ಹಿತ್ತಿಲಿಗೆ ನಡೆದೆ.

ಅತ್ತೆ ಹಿಂದೆಯೇ ಬಂದರು.

"ಅವಳಿಗೆ ನಾನು ಬೇಡವಾದೆ ಅನ್ಸುತ್ತೆ, ಅತ್ತೆ."

ಅವರು ಒಣಗಿದ ಅಂಗಿಯೊಂದನ್ನು ಹಗ್ಗದಿಂದ ತೆಗೆದು ಮಡಚಿದರು.

"ಹಂಗಲ್ಲ ಬಿಡವಾ. ನಿಮ್ಮ ಮಾವ, ಪ್ರಸನ್ನ ಸಣ್ಣಾವಿದ್ದಾಗ ಎತ್ಕೊಳ್ಳಾಕ ಅಂಜತಿದ್ರು. ದೊಡ್ಡಾವಾದ ಮ್ಯಾಲೆ ಮಾತಾಡ್ಸಾಕೂ ಅಂಜತಿದ್ರು. ಕಡೀತನಕಾ ಅಪ್ಪ-ಮಗನ ನಡುವಿನ ಮಾತೆಲ್ಲಾ ನಾನ ಮುಟ್ಟಿಸೀನಿ."

ಕಾನೂನು ಅಪ್ಪಂದಿರಿಗೆ ಬಿಡುವನ್ನಷ್ಟೇ ಕೊಡಬಲ್ಲದು. ಸಲಿಗೆಯನ್ನು ಅವರು ಅಳು, ವಾಂತಿ, ಒದ್ದೆ ಬಟ್ಟೆಗಳ ನಡುವೆ ತಾವೇ ಗಳಿಸಿಕೊಳ್ಳಬೇಕು. ಪ್ರಸನ್ನ ಗಳಿಸಿಕೊಂಡಿದ್ದ. ಅದು ನನ್ನ ಪಾಲಿನಿಂದ ಕಿತ್ತುಕೊಂಡದ್ದಲ್ಲವೆಂದು ಬುದ್ಧಿಗೆ ತಿಳಿಯಿತು. ಎದೆಗೆ ಇಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.

ಒಳಗೆ ಬಂದು ಅವನ ಪಕ್ಕ ಕುಳಿತೆ. "ಹೇಗೆ ಸಮಾಧಾನ ಮಾಡ್ತೀಯ? ನನಗೂ ಹೇಳಿಕೊಡು."

ಅವನು ಕಣ್ಣು ಮುಚ್ಚಿ ಒರಗಿದ್ದ ಈರಾಳನ್ನು ನನ್ನ ಹೆಗಲಿಗೆ ದಾಟಿಸಿ, ನನ್ನ ಅಂಗೈಯನ್ನು ಅವಳ ಬೆನ್ನಿನ ಮೇಲೆ, ಕತ್ತಿಗಿಂತ ತುಸು ಕೆಳಗೆ ಇರಿಸಿದ. ಅವಳು ಕಣ್ಣು ತೆರೆದು ಯಾರೆಂದು ನೋಡಿದಳು. ನೋಡಿ, ಮತ್ತೆ ಮುಚ್ಚಿಕೊಂಡಳು.