ಬಾಲ್ಸು ತುಂಬುವ ಮೇಸ್ತ್ರಿ

ಜೆಪ್ಪುವಿನ ಮೇಸ್ತ್ರಿ ಮಾಯಿಲಪ್ಪನವರು ಕೆಲಸಕ್ಕೆ ಕೂತರೆ ಅಂಗಳದ ಕಾಗೆಯೂ ಕೂಗಬಾರದು. ಲಾರಿಯ ಹಳೆಯ ಸ್ಟಿಯರಿಂಗಿನ ನಟ್ಟು ಹಾಕಿ ನನ್ನ ಗಂಡ ಮನೆಯಲ್ಲೇ ಕಬ್ಬಿಣ ಕಡೆಯುವ ಒಂದು ಸಣ್ಣ ಲೇತು ಕಟ್ಟಿದ್ದರು. ಅವರು ತೀರಿಹೋದರು, ಲೇತನ್ನು ಮಾರಬೇಕು, ಆದರೆ ನಟ್ಟು ಸಲೀಸಾಗಿ ಓಡದೆ ನಡುವೆ ಹಿಡಿಯುತ್ತದೆ. ಮೇಸ್ತ್ರಿ ಅದರೊಳಗಿನ ಬಾಲ್ಸುಗಳನ್ನು, ಉಕ್ಕಿನ ಸಣ್ಣ ಗುಂಡುಗಳನ್ನು, ಒರೆಸಿ, ಗ್ರೀಸಿನಲ್ಲಿ ಅಂಟಿಸಿ, ಉಸಿರು ಬಿಡದೆ ಒಂದೊಂದಾಗಿ ತುಂಬುತ್ತಾರೆ. ಚಾ ತಂದರೆ, “ಈಗ ಬೇಡ ಅಕ್ಕ, ಬಾಲ್ಸು ಹಾರ್ತದೆ,” ಎಂದು ಗದರುತ್ತಾರೆ. ಎಲ್ಲ ಮುಗಿಸಿ, ತಿರುಗಿಸಿ, “ಛೆ, ಸ್ವರ ಸರಿ ಇಲ್ಲ,” ಎಂದು ಹೋಗುತ್ತಾರೆ. ಮುಂದಿನ ವಾರ ಬಂದು ಪುನಃ ಬಿಚ್ಚುತ್ತಾರೆ. ಅವರನ್ನು ಬಿಟ್ಟರೆ ಈಗ ನಮ್ಮ ಮೆಟ್ಟಿಲು ಹತ್ತುವವರು ಯಾರೂ ಇಲ್ಲ. ನಿನ್ನೆ ನಟ್ಟು ಬೆಣ್ಣೆಯ ಹಾಗೆ ಓಡಿತು. “ಆಯ್ತು ಅಕ್ಕ, ಇನ್ನು ಮಾರಬಹುದು,” ಎಂದರು. ನಾನು ತಿರುಗಿಸಿ ನೋಡಿ, “ಇನ್ನೂ ಸ್ವಲ್ಪ ಬಿಗಿ ಉಂಟಲ್ಲ ಮೇಸ್ತ್ರಿ,” ಎಂದೆ. ಅವರು ನನ್ನ ಮುಖ ನೋಡಿದರು. “ಹೌದು, ಉಂಟು,” ಎಂದರು. “ಬರುವ ವಾರ ನೋಡುವ.”