ಅರಸನಿಗೆ ಕೊಟ್ಟ ಎಂಟು ವರ್ಷ

ನನ್ನ ಪ್ರೊಫೆಸರರಿಗೆ ಸನ್ಮಾನ ನಡೆದ ದಿನ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಎದ್ದು ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಅವರು ಧಾರವಾಡದ ಕಡೆಯವರು. ಕಲ್ಕತ್ತೆಯಲ್ಲಿ ಮೂವತ್ತು ವರ್ಷ ಶಾಸನ ಓದುವುದನ್ನು ಕಲಿಸಿದವರು. ನಮ್ಮದು ಮೈಸೂರು, ಅಪ್ಪನಿಗೆ ರೈಲ್ವೆ ಆಫೀಸಿನಲ್ಲಿ ಕೆಲಸ, ಮನೆ ಕಲ್ಕತ್ತೆಯ ಟಾಲಿಗಂಜ್‌ನಲ್ಲಿ. ಅರವತ್ತರ ದಶಕದ ಕೊನೆಯಲ್ಲಿ ಅವರ ಕೈಕೆಳಗೆ ಸಂಶೋಧನೆಗೆ ಸೇರಿದೆ. ಹೊರಡುವಾಗ ನಾನು "ಹೋಗ್ತೀನಿ ಸರ್" ಅಂದರೆ ಸಾಕು, "ಹೋಗ್ತೀನಿ ಅಂತಾರೇನವಾ? ಬರ್ತೇನಿ ಅನ್ನಬೇಕು. ಮೈಸೂರು ಮಂದಿ ಇಷ್ಟೂ ಕಲಿಸಿಲ್ಲೇನು ನಿನಗ?" ಎಂದು ಕಾಡಿಸುತ್ತಿದ್ದರು.

ಅವು ಗಲಾಟೆಯ ವರ್ಷಗಳು. ಬಾಂಬು, ಬಂದ್, ಮುಂದೂಡಿದ ಪರೀಕ್ಷೆ. ವಿಶ್ವವಿದ್ಯಾಲಯ ಬಾಗಿಲು ಹಾಕಿದರೆ ಸದರ್ನ್ ಅವೆನ್ಯೂ ಹಿಂದಿನ ಅವರ ಎರಡು ಕೋಣೆಯ ಮನೆಯಲ್ಲೇ ಪಾಠ. ಟ್ರಾಮ್ ನಿಂತ ದಿನವೂ ಬಂಗಾಳಿ ಹುಡುಗರು ಅಷ್ಟು ದೂರದಿಂದ ನಡೆದುಕೊಂಡು ಬರುತ್ತಿದ್ದರು. ಪ್ರೊಫೆಸರರು ಮೂಲೆಯಲ್ಲಿದ್ದ ಒಂದು ಒಡಕು ಶಾಸನದ ಕಲ್ಲನ್ನು ತೋರಿಸಿ, ಕಣ್ಣು ಮುಚ್ಚಿ ಅಕ್ಷರಗಳ ಮೇಲೆ ಬೆರಳಾಡಿಸಲು ಹೇಳುವರು. ಬೆರಳಿಗೆ ಗೊತ್ತಾಗುವ ತನಕ ಕಣ್ಣು ಬಿಡುವಂತಿಲ್ಲ. ತಾವು ಮುಟ್ಟಿ ನೋಡದ ಕಲ್ಲಿನ ಬಗ್ಗೆ ಅವರು ಒಂದು ಸಾಲನ್ನೂ ಬರೆಯುತ್ತಿರಲಿಲ್ಲ. ಒಂದೇ ಒಂದು ಸಲ ಬರೆದರು. ಅದೂ ನನ್ನನ್ನು ನಂಬಿಕೊಂಡು.

ಒಂದು ಹಳ್ಳಿಯ ಗುಡಿಯ ಹಿಂದೆ ಶಾಸನ ಸಿಕ್ಕಿದೆಯೆಂದು ಸುದ್ದಿ ಬಂದಾಗ ಅವರಿಗೆ ಜ್ವರ. ಅಪ್ಪನನ್ನು ಜೊತೆ ಮಾಡಿಕೊಂಡು ಅಚ್ಚು ತೆಗೆಯಲು ನಾನೇ ಹೋದೆ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಕುಟ್ಟಿ, ಮೇಲೆ ಮಸಿ ಒತ್ತಿದರೆ ಕಾಗದವೆಲ್ಲ ಕಪ್ಪಾಗಿ, ಕೊರೆದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕಲ್ಲಿನಿಂದ ಎತ್ತಿದ ಮೇಲೆ ಆ ಕಾಗದಕ್ಕೆ ಮಸಿ ಮುಟ್ಟಿಸಕೂಡದು. ಇದು ಅವರು ಮೊದಲ ದಿನವೇ ಹೇಳಿಕೊಟ್ಟ ನಿಯಮ.

ಮನೆಗೆ ಬಂದು ಬಿಡಿಸಿ ನೋಡಿದರೆ ಅರಸನ ಆಳ್ವಿಕೆಯ ವರ್ಷದ ಅಂಕಿಯೇ ಮಸುಕು. ಹತ್ತರ ಸ್ಥಾನದ 'ಒಂದು' ಸ್ಪಷ್ಟವಾಗಿತ್ತು, ಪಕ್ಕದ ಅಂಕಿ ಕಲೆಕಲೆ. ಆ ಹಳೆಯ ಲಿಪಿಯಲ್ಲಿ ಒಂದಕ್ಕೂ ಒಂಬತ್ತಕ್ಕೂ ಬಾಲದಷ್ಟೇ ವ್ಯತ್ಯಾಸ. ನನಗೆ ಒಂಬತ್ತೆಂದೇ ಕಂಡಿತು. ಇಷ್ಟು ದೂರ ಹೋಗಿ ಮಸುಕು ಅಚ್ಚು ತಂದಳೆಂದು ಅನ್ನಿಸಿಕೊಳ್ಳಬೇಕೆ? ಬಿಳಿ ಕಲೆಯ ಸುತ್ತ ಮಸಿ ಒತ್ತಿದೆ. ಬಾಲ ಸ್ಪಷ್ಟವಾಗಿ ಎದ್ದು ಬಂತು. ಎಂಥ ಜಂಭ ನನ್ನದು! "ಭಾರೀ ಚಲೋ ಬಂದದ" ಎಂದು ಅವರು ಹೊಗಳಿದಾಗ ಹಲ್ಲು ಕಿರಿದುಕೊಂಡು ನಿಂತಿದ್ದೆ.

ಕರ್ನಾಟ ದೇಶದಿಂದ ಬಂದವನೆಂದು ಹೇಳಿಕೊಂಡು ಬಂಗಾಳವನ್ನು ಆಳಿದ ಒಬ್ಬ ಅರಸನ ಶಾಸನ ಅದು. ಅವನು ಹನ್ನೊಂದು ವರ್ಷ ಆಳಿದನೆಂದು ಎಲ್ಲರೂ ನಂಬಿದ್ದರು. ಹತ್ತೊಂಬತ್ತನೆಯ ವರ್ಷದ ಶಾಸನ ಸಿಕ್ಕಿತೆಂದು ಪ್ರೊಫೆಸರರು ಲೇಖನ ಬರೆದರು. ಅರಸನಿಗೆ ಎಂಟು ವರ್ಷ ಹೆಚ್ಚು ಸಿಕ್ಕಿತು, ಇವರಿಗೆ ಹೆಸರು ಬಂತು. ಮೊಣಕಾಲು ನೋವು ಹೆಚ್ಚಾಗಿ ಅವರು ಆ ಹಳ್ಳಿಗೆ ಹೋಗುವುದು ಆಗಲೇ ಇಲ್ಲ.

ಎಪ್ಪತ್ತರ ದಶಕದ ನಡುವೆ ಅವರು ನಿವೃತ್ತರಾದಾಗ ಶಿಷ್ಯರೆಲ್ಲ ಸೇರಿ ಅಭಿನಂದನ ಗ್ರಂಥ ತಂದೆವು. ಸನ್ಮಾನದ ದಿನದವರೆಗೆ ಅದನ್ನು ಅವರಿಗೆ ತೋರಿಸಬಾರದು, ಅದು ಪದ್ಧತಿ. ಆ ಕಲ್ಲಿನ ಫೋಟೊ ತೆಗೆಸಿ ತರುವ ಕೆಲಸ ನನಗೆ ಬಿತ್ತು. ಗುಡಿಯ ಹಿಂದೆ, ಬಿಸಿಲಲ್ಲಿ, ಕಣ್ಣು ಮುಚ್ಚಿ ಅಂಕಿಯ ಮೇಲೆ ಬೆರಳಿಟ್ಟೆ. ಬಾಲ ಇರಲಿಲ್ಲ. ಮತ್ತೆ ಮತ್ತೆ ಸವರಿದೆ. ಹನ್ನೊಂದು.

ಹೇಳಬೇಕೆಂದು ಅವರ ಮನೆಗೆ ಎರಡು ಸಲ ಹೋದೆ. ಎರಡು ಸಲವೂ ಕಾಫಿ ಕುಡಿದು, "ಬರ್ತೇನಿ ಸರ್" ಎಂದು ಬಂದೆ. ಕೊನೆಗೆ ಮಾಡಿದ್ದು ಹೇಡಿಯ ಕೆಲಸ. ಅಂಕಿ ಎದ್ದು ಕಾಣುವ ಫೋಟೊವನ್ನೇ ಆರಿಸಿ ಗ್ರಂಥದ ಮೊದಲ ಪುಟಕ್ಕೆ ಕೊಟ್ಟೆ. ಮನೆಯಲ್ಲಿ ಒಬ್ಬರೇ ಕೂತು ನೋಡಲಿ, ತಾವೇ ತಿಳಿದುಕೊಳ್ಳಲಿ ಎಂದುಕೊಂಡೆ.

ಅಂದು ರಜನೀಗಂಧದ ಹಾರ ಹಾಕಿದರು, ಶಾಲು ಹೊದಿಸಿದರು. ಕಟ್ಟು ಹಾಕಿಸಿದ ಮಾನಪತ್ರವನ್ನು ಒಬ್ಬರು ರಾಗವಾಗಿ ಓದಿದರು. ಅದರಲ್ಲೂ ಆ ಎಂಟು ವರ್ಷ. ಗ್ರಂಥ ಕೈಗೆ ಬಂದದ್ದೇ ತಡ, ಅವರು ಜೇಬಿನಿಂದ ಭೂತಗನ್ನಡಿ ತೆಗೆದು ಮೊದಲ ಪುಟದ ಮೇಲೆ ಬಾಗಿದರು. "ಇಲ್ಲೂ ಬಿಡಲ್ಲ ನೋಡಿ!" ಎಂದು ಯಾರೋ ಬಂಗಾಳಿಯಲ್ಲಿ ಅಂದರು, ಸಭೆ ನಕ್ಕಿತು. ಅವರು ತಲೆ ಎತ್ತಲಿಲ್ಲ. ನಗು ತಾನಾಗಿ ನಿಂತಿತು.

ಆಮೇಲೆ ಮೈಕಿನ ಮುಂದೆ ಬಂದು ಇಂಗ್ಲಿಷಿನಲ್ಲಿ, ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದರು. "ಇದು ಹನ್ನೊಂದು. ಅರಸನಿಗೆ ಕೊಟ್ಟ ಎಂಟು ವರ್ಷವನ್ನು ವಾಪಸು ತೆಗೆದುಕೊಳ್ಳುತ್ತೇನೆ. ಕಲ್ಲು ಮುಟ್ಟದೆ ಬರೆದೆ. ತಪ್ಪು ನನ್ನದು."

ಈಗ ಎದ್ದೇಳು, ಈಗ ಎದ್ದೇಳು ಎಂದು ಒಳಗೆ ಹೇಳಿಕೊಳ್ಳುತ್ತಿದ್ದೆ. ಏಳಲಿಲ್ಲ. ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ, ಏನೂ ಆಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮೆಟ್ಟಿಲ ಬಳಿ ಸಿಕ್ಕಾಗ, "ಸಂದೇಶ್ ಮಿಠಾಯಿ ತಿಂದ್ಯೋ ಇಲ್ಲೋ? ಚಲೋ ಅದ" ಅಂದರು. "ನಾಡಿದ್ದ ಮಧ್ಯಾಹ್ನ ಮನಿಗೆ ಬಾ. ತಿದ್ದುಪಡಿ ಬರದು ಪತ್ರಿಕೆಗೆ ಕಳಸಬೇಕು."

ಹೋದೆ. ಮೇಜಿನ ಮೇಲೆ ನನ್ನ ಹಳೆಯ ಅಚ್ಚು ಬಿಡಿಸಿತ್ತು, ಆ ಅಂಕಿಯ ಮೇಲೆ ಭೂತಗನ್ನಡಿ ಇಟ್ಟಿತ್ತು. ನಾನು ಟೈಪ್‌ರೈಟರ್ ಮುಂದೆ ಕೂತೆ. ಅವರು ಅಡ್ಡಾಡುತ್ತ ಹೇಳಿದರು, ನಾನು ಟೈಪ್ ಮಾಡಿದೆ. ಕೊನೆಯ ಸಾಲು: "ಕಲ್ಲಿನಿಂದ ಎತ್ತಿದ ಮೇಲೆ ಅಚ್ಚಿನಲ್ಲಿ ಮಸಿ ತಿದ್ದಲಾಗಿದೆ. ತಿದ್ದಿದವರು..."

ಅಲ್ಲಿ ನಿಲ್ಲಿಸಿದರು. "ಕಾಫಿ ಮಾಡ್ತೇನಿ. ನೀ ಮುಗಸು" ಎಂದು ಒಳಗೆ ಹೋದರು.

ಸ್ಟವ್‌ಗೆ ಪಂಪ್ ಹೊಡೆಯುವ ಸದ್ದು ಕೇಳಿಸಿತು. ಹಾಲು ಕಾಯಿಸುವಷ್ಟು ಹೊತ್ತು ನನಗೆ ಬಿಟ್ಟುಕೊಟ್ಟಿದ್ದರು. ಬೆರಳು ಕೀಲಿಗಳ ಮೇಲೇ ಇದ್ದವು. ನನ್ನ ಹೆಸರನ್ನು ಟೈಪ್ ಮಾಡಲು ಎಷ್ಟು ಹೊತ್ತು ಬೇಕು! ನನ್ನ ಪ್ರಬಂಧ ಇನ್ನೂ ಪರೀಕ್ಷಕರ ಕೈಯಲ್ಲಿತ್ತು. ಅದನ್ನೇ ಯೋಚಿಸಿದೆ ಎಂದು ಈಗ ಹೇಳುತ್ತೇನೆ. ಆಗ ಏನನ್ನೂ ಯೋಚಿಸಿದ ನೆನಪಿಲ್ಲ.

ಅವರು ಲೋಟಗಳನ್ನು ತಂದಿಟ್ಟರು. ಹಾಳೆ ಎಳೆದುಕೊಂಡು, ನಿಧಾನವಾಗಿ ಕೊನೆಯವರೆಗೆ ಓದಿದರು. ನನ್ನ ಕಡೆ ನೋಡಲಿಲ್ಲ. ಪೆನ್ನು ತೆಗೆದು, ಖಾಲಿ ಬಿಟ್ಟ ಜಾಗದಲ್ಲಿ ತಮ್ಮ ಹೆಸರು ಬರೆದರು.

"ಸಕ್ಕರಿ ಸಾಕೇನು ನೋಡವಾ" ಅಂದರು.

"ಸಾಕು ಸರ್" ಅಂದೆ.